ಪಹಣಿಯಲ್ಲಿ ಇಲ್ಲದ ಹೆಸರುಗಳು

ಹೆಜಮಾಡಿ ಅಂದರೆ ನಮ್ಮ ಕ್ಲಾಸಿನವರಿಗೆಲ್ಲ ಟೋಲ್ ಗೇಟ್. ಮಂಗಳೂರು ಕಡೆಯಿಂದ ಬಂದರೆ ಮೂಲ್ಕಿ, ಆಮೇಲೆ ಶಾಂಭವಿ ಹೊಳೆಯ ಸೇತುವೆ, ಸೇತುವೆ ಇಳಿದರೆ ಉಡುಪಿ ಜಿಲ್ಲೆ. ಬಸ್ಸಿನಲ್ಲಿ ನಿದ್ದೆ ಮಾಡುವವರು ಟೋಲಿನ ಹತ್ತಿರ ಒಮ್ಮೆ ಕಣ್ಣು ಬಿಟ್ಟು ಮತ್ತೆ ಮಲಗುತ್ತಾರೆ. ಆ ಹೈವೇಯಿಂದ ಪಡುವಣಕ್ಕೆ, ಅಂದರೆ ಸಮುದ್ರದ ಕಡೆಗೆ, ಇಳಿಯುವ ಒಂದು ಸಣ್ಣ ರಸ್ತೆಯಲ್ಲಿ ನಮ್ಮ ಅಜ್ಜಿ ಮನೆ ಉಂಟು. ಮನೆಯ ಮುಂದೆ ಐದು ಗದ್ದೆ. ಈ ಬರಹ ಆ ಐದು ಗದ್ದೆಗಳ ಬಗ್ಗೆ, ಮತ್ತು ನೆಲವನ್ನು ನೆನಪಿಟ್ಟುಕೊಳ್ಳಲಿಕ್ಕೆ ನಮ್ಮ ಕಡೆಯ ಜನ ಮಾಡಿಕೊಂಡ ಕಲೆಗಳ ಬಗ್ಗೆ.

‘ನಾವು’ ಅಂದರೆ ಮೂವರು ಮೊಮ್ಮಕ್ಕಳು. ಟೈಪ್ ಮಾಡ್ತಾ ಇರುವುದು ಸೆಕೆಂಡ್ ಇಯರ್ ಸಿಎಸ್‌ನ ಒಬ್ಬರೇ, ಆದರೆ ‘ನಾನು’ ಅಂತ ಬರೆದರೆ ಉಳಿದ ಇಬ್ಬರು ಬಿಡುವುದಿಲ್ಲ. ಒಬ್ಬಳು ಇದೇ ಕಾಲೇಜಿನ ಸಿವಿಲ್. ಇನ್ನೊಬ್ಬ ಪಿಯುಸಿ, ವಯಸ್ಸು ಹದಿನೇಳು, ಅವನ ಸಹಿಗೆ ಬೆಲೆ ಇಲ್ಲ, ಹಾಗಾಗಿ ಸ್ವರ ಮಾತ್ರ ದೊಡ್ಡದು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ನಡುವೆ ಸಿಕ್ಕಷ್ಟು ಕನ್ನಡ. ತಪ್ಪಿದ್ದರೆ ಎಡಿಟರ್ ತಿದ್ದುತ್ತಾರೆ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇವೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘ ‘ನೆಲ’ ಅಂತ ವಿಷಯ ಕೊಟ್ಟು ಚಿತ್ರ ಪ್ರದರ್ಶನ ಇಟ್ಟದ್ದು ನಿಮಗೆ ನೆನಪಿರಬಹುದು. ಅದೇ ಹೊತ್ತಿಗೆ ಊರಿನಲ್ಲಿ ಗದ್ದೆ ಮಾರುವ ಮಾತು ಗಟ್ಟಿಯಾಯಿತು. ಬೇಸಾಯ ಮಾಡುತ್ತಿದ್ದವರು ಮಾವ ಒಬ್ಬರೇ. 2019ರ ಏಣೆಲು ಬೆಳೆಯೇ ಕೊನೆ. ಆಮೇಲೆ ಗದ್ದೆ ಹಡಿಲು. ಮಾವನನ್ನು ವಿಲನ್ ಮಾಡುವ ಹಾಗಿಲ್ಲ, ಅವರ ಲೆಕ್ಕ ಸರಿಯಾಗಿಯೇ ಉಂಟು. ನಾಟಿಗೆ ಜನ ಸಿಗುವುದಿಲ್ಲ, ಸಿಕ್ಕಿದರೆ ಸಂಬಳ ಭತ್ತದ ರೇಟನ್ನು ದಾಟುತ್ತದೆ. ತೆನೆ ಬಂದಾಗ ನವಿಲು ಹಿಂಡು ಹಿಂಡಾಗಿ ಬರುತ್ತದೆ. ಹೊಳೆಯ ಕಡೆಯ ಒಂದು ಗದ್ದೆಗೆ ಉಪ್ಪು ನೀರು ಹತ್ತುತ್ತದೆ. ‘ನಿಮಗೆ ಚಿತ್ರ ಬಿಡಿಸ್ಲಿಕ್ಕೆ ಗದ್ದೆ ಬೇಕು, ನಂಗೆ ಪ್ರತಿ ವರ್ಷ ಲಾಸ್ ಮಾಡ್ಲಿಕ್ಕೆ ಬೇಕಾ?’ ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಪಾರ್ಟಿ ಬೆಂಗಳೂರಿನವರು. ಮೊದಲಾದರೆ ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದು ಸುಲಭ ಇರಲಿಲ್ಲ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ ಆ ಕಟ್ಟುಗಳನ್ನು ತೆಗೆದ ಮೇಲೆ ಯಾರೂ ಕೊಳ್ಳಬಹುದು. ಸಮುದ್ರ ಹತ್ತಿರ, ಹೈವೇ ಹತ್ತಿರ, ಏರ್‌ಪೋರ್ಟಿಗೂ ದೂರ ಇಲ್ಲ. ಮನೆ ಕಟ್ಟುತ್ತಾರಂತೆ, ಹೋಮ್‌ಸ್ಟೇ ಅಂತಲೂ ಹೇಳುತ್ತಾರೆ. ಜಾಗದಲ್ಲಿ ನಮ್ಮ ಅಮ್ಮಂದಿರ ಪಾಲು ಉಂಟು. ಮುಂದೆ ತಕರಾರು ಬರಬಾರದು ಅಂತ ಹದಿನೆಂಟು ದಾಟಿದ ಮಕ್ಕಳ ಸಹಿಯೂ ಇರಲಿ ಅಂದರಂತೆ ವಕೀಲರು. ಜೀವನದಲ್ಲಿ ನಮ್ಮ ಸಹಿಗೆ ಬೆಲೆ ಬಂದದ್ದು ಅದೇ ಮೊದಲು. ಅದಕ್ಕೆ ಮುಂಚೆ ಲ್ಯಾಬ್ ರೆಕಾರ್ಡಿಗೆ ಹಾಕಿದ್ದೇ ದೊಡ್ಡ ಸಹಿ.

ಮಾರುವುದಾದರೆ ಮಾರಲಿ, ಮೊದಲು ಗದ್ದೆಯ ಒಂದು ನಕ್ಷೆ ಮಾಡುವ ಅಂತ ಸಿವಿಲ್‌ನವಳು ಹೇಳಿದಳು. ಪ್ರದರ್ಶನಕ್ಕೂ ಆಯಿತು, ಮನೆಗೂ ಆಯಿತು. ಹಾಗೆ ಶುರುವಾದದ್ದು.

ಮೊದಲು ಮೊಬೈಲಿನಲ್ಲಿ ಪಹಣಿ ತೆಗೆದೆವು. ಸಿಎಸ್‌ನವರಿಗೆ ಗೊತ್ತಿರಲೇಬೇಕಾದ ವಿಷಯ ಇದು: 2000ದ ಹೊತ್ತಿಗೆ ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಶಾನುಭೋಗರ, ವಿಲೇಜ್ ಅಕೌಂಟೆಂಟರ ಕೈಯಲ್ಲಿದ್ದ ಪುಸ್ತಕ ಡೇಟಾಬೇಸ್ ಆಯಿತು. ದೊಡ್ಡ ಕೆಲಸವೇ. ಅದರಲ್ಲಿ ಸರ್ವೆ ನಂಬರ್ ಉಂಟು, ಹಿಸ್ಸೆ ಉಂಟು, ವಿಸ್ತೀರ್ಣ ಉಂಟು, ಮಣ್ಣಿನ ಬಗೆ, ಬೆಳೆ, ಸಾಲ, ಯಜಮಾನರ ಹೆಸರು ಎಲ್ಲ ಉಂಟು. ಗದ್ದೆಯ ಹೆಸರಿಗೆ ಕಾಲಂ ಇಲ್ಲ. ಯಜಮಾನ ಸತ್ತರೆ ಹೆಸರು ಬದಲಾಗುತ್ತದೆ, ಗದ್ದೆಯ ಹೆಸರು ಬದಲಾಗುವುದಿಲ್ಲ. ಡೇಟಾಬೇಸ್ ಓದಿದವರು ಪ್ರೈಮರಿ ಕೀ ಯಾವುದಾಗಬೇಕಿತ್ತು ಅಂತ ಯೋಚಿಸಬಹುದು.

ಐದು ಗದ್ದೆಗೆ ಐದು ಹೆಸರು. ಮನೆಯ ಎದುರಿನ ದೊಡ್ಡದು ಬಾಕಿಮಾರು. ತೋಡಿನ ಬದಿಯದ್ದು ತೋಡಬರಿ. ತೆಂಗಿನ ಮರದ ಕೆಳಗಿನದ್ದು ತಾರೆದಡಿ. ಮೂರು ಮೂಲೆ ಇರುವುದು ಮೂಜಿಮೂಲೆ. ಉಪ್ಪು ನೀರು ಹತ್ತುವುದು ಉಪ್ಪುಕಂಡ. ಒಟ್ಟು 1 ಎಕ್ರೆ 62 ಸೆಂಟ್ಸ್. (ಘಟ್ಟದ ಮೇಲಿನ ಫ್ರೆಂಡ್ಸ್‌ಗೆ: ನೀವು ಗುಂಟೆ ಅನ್ನುತ್ತೀರಿ, ನಾವು ಸೆಂಟ್ಸ್ ಅನ್ನುತ್ತೇವೆ. 1956ರವರೆಗೆ ನಮ್ಮ ಕಡೆ ಮದ್ರಾಸಿಗೆ ಸೇರಿತ್ತು, ಅಳತೆ ಇನ್ನೂ ಅಲ್ಲಿಯದ್ದೇ.)

ಅಜ್ಜಿಗೆ ಸೆಂಟ್ಸ್ ಕೂಡ ಬೇಡ. ‘ಬಾಕಿಮಾರು ಎಷ್ಟು ದೊಡ್ಡದು ಅಜ್ಜಿ?’ ಅಂತ ಕೇಳಿದರೆ ಎಷ್ಟು ಕಳಸೆ ಬೀಜ ಬೀಳುತ್ತದೆ ಅಂತ ಹೇಳುತ್ತಾರೆ, ನಾಟಿಗೆ ಎಷ್ಟು ಹೆಂಗಸರು ಬೇಕು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಹೇಳುತ್ತಾರೆ. ಮೂರು ಕಳಸೆ ಸೇರಿದರೆ ಒಂದು ಮುಡಿ, ಮುಡಿಗೆ 42 ಸೇರು. ಮುಡಿ ಅಂದರೆ ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದ ಆ ಗುಂಡಗಿನ ಕಟ್ಟು, ಈಗ ಮದುವೆ ಹಾಲ್‌ಗಳಲ್ಲಿ ಡೆಕೊರೇಶನ್‌ಗೆ ಇಡುತ್ತಾರಲ್ಲ, ಅದೇ.

ಚಾರ್ಟ್ ಪೇಪರಿನಲ್ಲಿ ಮೊದಲ ಕರಡು ಬಿಡಿಸಿ ಅಜ್ಜಿಯ ಮುಂದೆ ಇಟ್ಟೆವು. ಅಜ್ಜಿ ಕನ್ನಡಕ ಹಾಕಿ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಪೇಪರನ್ನು ಹಿಡಿದು ನಿಧಾನ ತಿರುಗಿಸಿದರು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಪೇಪರಿನ ಮೂಡು ದಿಕ್ಕು ಅಂಗಳದ ಮೂಡು ದಿಕ್ಕಿಗೆ ಕೂಡಿ ಬಂದ ಮೇಲೆಯೇ ಬೆರಳಿಟ್ಟು ‘ಇದು ತೋಡಬರಿ’ ಅಂದರು. ಸಿವಿಲ್‌ನವಳು ಬಾಯಿ ಬಿಟ್ಟು ನಿಂತಳು. ಪ್ಲೇನ್ ಟೇಬಲ್ ಸರ್ವೆಯಲ್ಲಿ ಇದಕ್ಕೆ ಓರಿಯೆಂಟೇಶನ್ ಅಂತ ಹೆಸರು, ಅದನ್ನು ಮಾಡದೆ ಒಂದು ಗೆರೆಯನ್ನೂ ಎಳೆಯುವ ಹಾಗಿಲ್ಲ, ಆ ಸೆಮ್ಮಿನಲ್ಲಿ ಅದಕ್ಕೆ ಅವಳಿಗೆ ವೈವಾದಲ್ಲಿ ಪ್ರಶ್ನೆ ಬಂದಿತ್ತು. ಅಜ್ಜಿಗೆ ನಕ್ಷೆಯ ಮೇಲ್ಭಾಗ ಅಂದರೆ ಉತ್ತರ ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ತುಳುವಿನವರು ಅನ್ನ ಬಡಿಸುವಾಗಲೂ ‘ಸ್ವಲ್ಪ ತೆಂಕು ಬದಿಗೆ ಸರಿ’ ಅನ್ನುವ ಜನ. ಪಡುಬಿದ್ರಿ, ಮೂಡುಬಿದಿರೆ, ತೆಂಕ ಎರ್ಮಾಳು, ಬಡಾ ಎರ್ಮಾಳು, ಊರಿನ ಹೆಸರಿನಲ್ಲೇ ದಿಕ್ಸೂಚಿ ಉಂಟು.

ಆಮೇಲೆ ತಿದ್ದುವಿಕೆ ಶುರು. ನಾವು ಕಟ್ಟಪುಣಿಯನ್ನು, ಅಂದರೆ ಗದ್ದೆಯ ಬದುವನ್ನು, ಎಲ್ಲ ಕಡೆ ಒಂದೇ ದಪ್ಪಕ್ಕೆ ಎಳೆದಿದ್ದೆವು. ಈ ಪುಣಿಯಲ್ಲಿ ತಲೆ ಮೇಲೆ ಹೊರೆ ಹೊತ್ತು ಇಬ್ಬರು ಎದುರು ಬದುರು ದಾಟಬಹುದು, ಅದರಲ್ಲಿ ಒಬ್ಬರೇ, ಹಾಗಾಗಿ ಇದು ದಪ್ಪ ಅದು ತೆಳು. ನೀರು ಬಿಡುವ ಕಂಡಿ ಇಲ್ಲಿ. ಈ ಮೂಲೆಯಲ್ಲಿ ಅಜ್ಜ ಕೋಣಗಳನ್ನು ಬಿಚ್ಚುತ್ತಿದ್ದದ್ದು. ಇಲ್ಲಿ ಹೆರಿಗೆ ನೋವು ಬಂದು ಮನೆಗೆ ಓಡಿದ್ದು. ಹುಟ್ಟಿದ್ದು ಈಗ ಗದ್ದೆ ಮಾರಲು ಹೊರಟಿರುವ ಮಾವ. ಮಾವ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು, ಓದುತ್ತಲೇ ಇದ್ದರು.

ಅಜ್ಜಿಯ ಬಾಯಲ್ಲಿ ಈ ಗದ್ದೆ ಪುರಾತನ ಕಾಲದಿಂದ ನಮ್ಮದು ಅನ್ನುವ ಹಾಗೆ ಕೇಳುತ್ತದೆ. ಕಾಗದದಲ್ಲಿ ಹಾಗಿಲ್ಲ. ಅಜ್ಜನ ಅಪ್ಪ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಧಣಿಗಳಿಗೆ ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಟ್ಟು ಉಳಿದದ್ದು ಮನೆಗೆ. ದೇವರಾಜ ಅರಸರ ಕಾಲದ ಭೂ ಸುಧಾರಣೆ ಬಂದು, 1974 ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ನಮ್ಮ ಕಡೆ ಅದಕ್ಕೆ ಇವತ್ತಿಗೂ ‘ಡಿಕ್ಲರೇಶನ್’ ಅಂತಲೇ ಹೇಳುವುದು. ‘ಅವರಿಗೆ ಡಿಕ್ಲರೇಶನ್‌ನಲ್ಲಿ ಜಾಗ ಆದದ್ದು’ ಅನ್ನುತ್ತಾರೆ. ನಮಗೂ ಹಾಗೇ ಆದದ್ದು. ಎಷ್ಟೋ ತಲೆಮಾರು ಉತ್ತ ನೆಲ ನಮ್ಮ ಹೆಸರಿಗೆ ಬಂದು ಅರ್ಧ ಶತಮಾನ, ಅದರಲ್ಲಿ ಕೊನೆಯ ಕೆಲವು ವರ್ಷ ಹಡಿಲು. ಅಜ್ಜ ಕಷ್ಟಪಟ್ಟು ಪಡೆದದ್ದನ್ನು ನಾವು ಒಂದು ಸಹಿಯಲ್ಲಿ ಬಿಡುವುದು ಅಂತ ಸಿನಿಮಾ ಡೈಲಾಗ್ ಹೊಡೆಯಬಹುದು. ಮಾವನ ಪ್ರಕಾರ ಆ ಹಕ್ಕು ಸಿಕ್ಕಿದ್ದೇ ಬೇಕಾದಾಗ ಇಟ್ಟುಕೊಳ್ಳಲಿಕ್ಕೆ, ಬೇಡವಾದಾಗ ಮಾರಲಿಕ್ಕೆ. ಧಣಿಗಳ ಕಾಲದಲ್ಲಿ ಬೇಡ ಅನ್ನುವ ಅಧಿಕಾರವೂ ಇರಲಿಲ್ಲವಲ್ಲ. ಈ ಮಾತಿಗೆ ನಮಗೆ ಇನ್ನೂ ಸರಿಯಾದ ಎದುರುತ್ತರ ಸಿಕ್ಕಿಲ್ಲ.

ನಕ್ಷೆಯನ್ನು ಚಿತ್ರ ಮಾಡುವುದು ಹೇಗೆ ಅಂತ ತಿಳಿಯಲಿಕ್ಕೆ ಎರಡು ಮೂರು ವಾರ ಸುತ್ತಿದೆವು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗದವರು ಒಮ್ಮೆ ಹೋಗಿ. ಬ್ಯಾಂಕ್ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈ ಅವರು, ಒಡೆದು ಮರಕ್ಕೆ ಮಾರುತ್ತಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿಸಿದ್ದಾರೆ. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿರುವ ಕುಂಜೂರು ಚೌಕಿ ಮನೆ 1816ರದ್ದು. ಕುಂಜೂರು ಅಂದರೆ ನಮಗೆ ದೂರದ ಊರಲ್ಲ, ಹೆಜಮಾಡಿಯಿಂದ ಸ್ಕೂಟರಿನಲ್ಲಿ ಹೋಗಿ ಬರಬಹುದು, ಹತ್ತಿರದಲ್ಲೇ ಈಗ 1,200 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಮನೆಯ ಒಳಗೆ ನಿಂತಾಗ ಕಂಬ, ಮುಚ್ಚಿಗೆ, ನಡು ಅಂಗಳಕ್ಕೆ ಬೀಳುವ ಬೆಳಕು ಎಲ್ಲ ಅದೇ. ಎರಡು ಶತಮಾನದ ಹಿಂದಿನ ಮರದ ಕೆಲಸಕ್ಕೆ ಕೈ ಮುಗಿಯಬೇಕು. ಹೊರಗೆ ಬಂದಾಗ ಎದುರಿಗೆ ಬಾಕಿಮಾರು ಗದ್ದೆ ಇಲ್ಲ, ಇನ್ನೊಂದು ಊರಿನ ಇನ್ನೊಂದು ಮನೆ ಉಂಟು. ಮನೆಯನ್ನು ಬಿಚ್ಚಿ ತರಬಹುದು, ಕಂಬ ಕಂಬಕ್ಕೂ ಗುರುತು ಹಾಕಿ ಜೋಡಿಸಬಹುದು. ಗದ್ದೆಯನ್ನು ಹಾಗೆ ತರಲಿಕ್ಕೆ ಬರುವುದಿಲ್ಲ. ಇದು ಶೆಣೈಯವರ ಕೆಲಸವನ್ನು ಸಣ್ಣದು ಮಾಡಲಿಕ್ಕೆ ಹೇಳಿದ್ದಲ್ಲ. ಅವರು ಇಲ್ಲದಿದ್ದರೆ ಆ ಕಂಬಗಳು ಯಾವತ್ತೋ ಯಾರದೋ ಸೋಫಾ ಆಗಿರುತ್ತಿದ್ದವು.

ಇನ್ನೂ ದೂರ ಹೋದ ಕಲೆ ಉಂಟು. ಶಿರಿಯಾರ ಹತ್ತಿರ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಮರದ ದೊಡ್ಡ ದೊಡ್ಡ ಭೂತದ ಉರುಗಳು, ಕೆಂಪು ಹಳದಿ ಬಳಿದವು, ಸಾಲಾಗಿ ನಿಂತಿವೆ. ಜೀರ್ಣೋದ್ಧಾರದಲ್ಲಿ ಹೊಸದು ಬಂದಾಗ ಹಳೆಯವು ಹಲವು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿದವು. ಅಲ್ಲಿ ಅವು ಶಿಲ್ಪ. ಇಲ್ಲಿ ಅವು ಗಡಿ ಕಾಯುವವರು, ನೇಮದ ದಿನ ಊರಿನ ತಕರಾರು ಕೇಳುವವರು. ಅಜ್ಜಿಗೆ ಫೋಟೋ ತೋರಿಸಿದೆವು. ‘ಅಷ್ಟು ದೂರ ಹೋಗಿ ಯಾರ ಗದ್ದೆ ನೋಡಿಕೊಳ್ತಾರೆ ಅವರು?’ ಅಂದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು.

ನಮಗೆ ದಾರಿ ತೋರಿಸಿದ್ದು ಪಕ್ಕದ ಊರೇ. ಪಡುಬಿದ್ರಿಯ ಬ್ರಹ್ಮಸ್ಥಾನದಲ್ಲಿ ಎರಡು ವರ್ಷಕ್ಕೊಮ್ಮೆ ಢಕ್ಕೆಬಲಿ ಆಗುತ್ತದೆ. ಅಲ್ಲಿ ಗುಡಿ ಗೋಪುರ ಇಲ್ಲ, ಮರಗಳ ನಡುವೆ ಮರಳು. ಪ್ರಸಾದವೂ ಮರಳು. ಹೈವೇ ಬದಿಯ ಇಷ್ಟೊಂದು ಗಲಾಟೆಯ ಪೇಟೆಯಲ್ಲಿ ಅಷ್ಟು ಮರ ಉಳಿದದ್ದಕ್ಕೆ ಕಾರಣ ಕೇಳಿದರೆ ಕಡಿಯಲಿಕ್ಕೆ ಹೆದರಿಕೆ ಅನ್ನುತ್ತಾರೆ. ಆ ಹೆದರಿಕೆಗೆ ಥ್ಯಾಂಕ್ಸ್. ಇನ್ನು ನಮ್ಮ ಕಡೆ ನಾಗಮಂಡಲ ನೋಡಿದವರಿಗೆ ಗೊತ್ತು, ವೈದ್ಯರು ನೆಲದ ಮೇಲೆ ಹೆಣೆದುಕೊಂಡ ನಾಗಗಳ ದೊಡ್ಡ ಮಂಡಲ ಬರೆಯುತ್ತಾರೆ. ಐದೇ ಬಣ್ಣ. ಬಿಳಿಗೆ ಬಿಳಿ ಮಣ್ಣು, ಹಳದಿಗೆ ಅರಸಿನ, ಕೆಂಪಿಗೆ ಅರಸಿನಕ್ಕೆ ಸುಣ್ಣ, ಹಸಿರಿಗೆ ಎಲೆಯ ಪುಡಿ, ಕಪ್ಪಿಗೆ ಸುಟ್ಟ ಉಮಿ. ಗಂಟೆಗಟ್ಟಲೆ ಬರೆದದ್ದನ್ನು ರಾತ್ರಿ ಇಡೀ ಅದರ ಮೇಲೆ ಕುಣಿದು ಬೆಳಗಾಗುವಾಗ ಅಳಿಸಿಬಿಡುತ್ತಾರೆ. ಬಣ್ಣ ಇದೇ ನೆಲದ್ದು, ವಾಪಸು ಹೋಗುವುದೂ ನೆಲಕ್ಕೆ.

ನಮ್ಮ ನಕ್ಷೆಗೂ ಅಂಗಡಿಯ ಪೇಂಟ್ ಬೇಡ ಅಂತ ತೀರ್ಮಾನ ಆಯಿತು. ಬಟ್ಟೆಗೆ ಅಜ್ಜನ ಬಿಳಿ ಮುಂಡು, ಅಜ್ಜಿಯೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಕೆಂಪಿಗೆ ಅಂಗಳದ ಮಣ್ಣು, ಜರಡಿ ಹಿಡಿದು. ಬಿಳಿಗೆ ಚಿಪ್ಪಿ ಸುಣ್ಣ. ಹಳದಿ ಅಡುಗೆ ಮನೆಯಿಂದ. ಕಪ್ಪಿಗೆ ಉಮಿ ಬೇಕು. ಮನೆಯಲ್ಲಿ ಉಮಿ ಇರಲಿಲ್ಲ! ನೆರೆಮನೆಯಲ್ಲಿ ಕೇಳಿದೆವು, ಅದರಾಚೆ ಮನೆಯಲ್ಲಿ ಕೇಳಿದೆವು. ಮೊದಲು ಹಲ್ಲುಜ್ಜಲಿಕ್ಕೆ ಉಮಿಕರಿ ಇಲ್ಲದ ಮನೆ ಇರಲಿಲ್ಲವಂತೆ. ಕೊನೆಗೆ ಕಾರ್ಕಳ ಕಡೆಯ ಒಂದು ಅಕ್ಕಿ ಮಿಲ್ಲಿನಿಂದ ಪಿಯುಸಿಯವನು ಒಂದು ಚೀಲ ತಂದ. ದುಡ್ಡು ಬೇಡ ಅಂದರಂತೆ, ಎಂತಕ್ಕೆ ಅಂತ ಮಾತ್ರ ಎರಡು ಸಲ ಕೇಳಿದರಂತೆ. ಗದ್ದೆ ಇರುವ ಮನೆಯ ಗದ್ದೆಯ ಚಿತ್ರಕ್ಕೆ ಮಿಲ್ಲಿನ ಉಮಿ. ಅಂಟಲಿಕ್ಕೆ ಫೆವಿಕಾಲ್, ಅದನ್ನು ಮುಚ್ಚಿಡುವುದಿಲ್ಲ.

ಅಜ್ಜಿ ಚಿತ್ರದ ಬದಿಯಲ್ಲಿ ಕೂತು ನೋಡುವಾಗ ಕೆಲವು ಸಲ ಗುಣುಗುತ್ತಿದ್ದರು. ನಾಟಿಯ ಓಬೇಲೆ, ಪಾಡ್ದನದ ತುಂಡುಗಳು. ಪೂರ್ತಿ ಬರುವುದಿಲ್ಲ, ಬಗ್ಗಿ ನಾಟಿ ಮಾಡುವಾಗ ಮಾತ್ರ ಬರುತ್ತದೆ ಅನ್ನುತ್ತಾರೆ. ಇದು ನೆಪ ಅಂತ ಮೊದಲು ಅಂದುಕೊಂಡಿದ್ದೆವು. ಆದರೆ ಸಿರಿ ಪಾಡ್ದನದ ಕತೆ ಓದಿದಾಗ ಹಾಗೆ ಅನಿಸಲಿಲ್ಲ. 1990ರ ಡಿಸೆಂಬರಿನಲ್ಲಿ ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಸಿರಿಯ ಕತೆಯನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಅದನ್ನು ದಾಖಲೆ ಮಾಡಿದರು. ಬರೆದು ಎಣಿಸಿದರೆ 15,683 ಸಾಲು. 1998ರಲ್ಲಿ ಪುಸ್ತಕ ಆಯಿತು. ಹಾಡಿದವರು ಓದು ಬರಹದ ಪಂಡಿತರಲ್ಲ, ಬೇಸಾಯಗಾರ. ನಾವು ಒಂದು ಮಾಡ್ಯೂಲಿನ ಎಂಟು ಪಾಯಿಂಟ್ ನೆನಪಿಡಲಿಕ್ಕೆ ಒದ್ದಾಡುತ್ತೇವೆ.

ಸಿರಿಯ ಕತೆಯಲ್ಲಿ ಮಣ್ಣು ಎಲ್ಲ ಕಡೆ ಉಂಟು. ಗಂಡನನ್ನು ಬಿಟ್ಟು ಮಗುವನ್ನು ಎತ್ತಿಕೊಂಡು ಬಸ್ರೂರಿನಿಂದ ಹೊರಡುವ ಹೆಂಗಸು ಅವಳು. ತಾನು ಹುಟ್ಟಿದ ಸತ್ಯನಾಪುರದ ಹಕ್ಕೂ ಅವಳಿಗೆ ದಕ್ಕುವುದಿಲ್ಲ. ಕೋಟಿ ಚೆನ್ನಯರ ಪಾಡ್ದನದಲ್ಲಿ ಬುದ್ಯಂತನ ಜೊತೆ ಜಗಳ ಹತ್ತುವುದು ಗದ್ದೆಯಲ್ಲೇ. ಹಾಗೆ ನೋಡಿದರೆ ನಮ್ಮ ಪಾಡ್ದನಗಳು ಅರ್ಧ ಕಾವ್ಯ, ಅರ್ಧ ಜಾಗದ ಕೇಸು. ‘ಕಾಂತಾರ’ ಬಂದಾಗ ನಾವೆಲ್ಲ ಥಿಯೇಟರಿನಲ್ಲಿ ಶಿಳ್ಳೆ ಹೊಡೆದದ್ದು ಕೊನೆಯ ಇಪ್ಪತ್ತು ನಿಮಿಷಕ್ಕೆ. ಕತೆಯ ಬೇರು ಇರುವುದು 1847ರಲ್ಲಿ ರಾಜ ಕೊಟ್ಟ ಭೂಮಿಯನ್ನು 1970ರಲ್ಲಿ ವಂಶಸ್ಥ ವಾಪಸು ಕೇಳುವುದರಲ್ಲಿ. ಅದೂ ಜಾಗದ ಕೇಸೇ.

ಒಂದು ವಿಷಯ ಮಾತ್ರ ನಮ್ಮನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿತು. ಈ ಪಾಡ್ದನಗಳನ್ನು ಬಾಯಲ್ಲಿ ಇಟ್ಟುಕೊಂಡು ಬಂದವರು ಪಂಬದರು, ನಲಿಕೆಯವರು, ಪರವರು. ಯಾವ ಗುತ್ತು ಎಲ್ಲಿಂದ ಎಲ್ಲಿವರೆಗೆ, ಯಾವ ದೈವ ಯಾವ ಗಡಿ ದಾಟಿ ಬಂತು, ಎಲ್ಲ ಅವರಿಗೆ ಬಾಯಿಪಾಠ. ಅವರಲ್ಲಿ ಹೆಚ್ಚಿನವರಿಗೆ ಸ್ವಂತ ಗದ್ದೆ ಇರಲಿಲ್ಲ. ಊರಿನ ಜಾಗದ ದಾಖಲೆ ಜಾಗ ಇಲ್ಲದವರ ಹತ್ತಿರ. ಶಿವರಾಮ ಕಾರಂತರ ‘ಚೋಮನ ದುಡಿ’ಯ ಚೋಮನಿಗೆ ಎರಡು ಎತ್ತು ಇದ್ದವು, ಉಳಲಿಕ್ಕೆ ತುಂಡು ನೆಲ ಬೇಕಿತ್ತು, ಅವನ ಜಾತಿಗೆ ಅದು ಕೊಡುವಂಥದ್ದಲ್ಲ ಅಂತ ಊರು ಹೇಳಿತು. 1975ರಲ್ಲಿ ಬಿ. ವಿ. ಕಾರಂತರು ಮಾಡಿದ ಸಿನಿಮಾ ಸ್ವರ್ಣಕಮಲ ತಂದಿತು; ನಾವು ಅದನ್ನು ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಮೇಲೆ ನೋಡಿದೆವು. ನೋಡಿದ ಮೇಲೆ ‘ನಮ್ಮ ಪೂರ್ವಿಕರ ಮಣ್ಣು’ ಅಂತ ಚಿತ್ರಕ್ಕೆ ಇಡಬೇಕು ಅಂತಿದ್ದ ಹೆಸರನ್ನು ಕೈ ಬಿಟ್ಟೆವು. ನಮ್ಮ ಬಾಕಿಮಾರಿನಲ್ಲಿ ನಾಟಿ ಮಾಡಿದ ಹೆಂಗಸರಲ್ಲಿ ಎಷ್ಟೋ ಜನರಿಗೆ ಡಿಕ್ಲರೇಶನ್‌ನಲ್ಲಿ ಏನೂ ಆಗಲಿಲ್ಲ. ಅವರು ಗೇಣಿಗೆ ಇದ್ದವರಲ್ಲ, ಕೂಲಿಗೆ ಬಂದವರು. ಅಜ್ಜಿಯ ಹತ್ತಿರ ಅವರ ಹೆಸರು ಕೇಳಿದೆವು. ಹನ್ನೊಂದು ಹೆಸರು ಹೇಳಿದರು, ಯಾರು ಯಾರ ಪಕ್ಕ ನಿಂತು ನಡುತ್ತಿದ್ದರು ಅನ್ನುವುದರ ಸಮೇತ. ಅಷ್ಟನ್ನೂ ಬಾಕಿಮಾರಿನ ಒಳಗೆ ಸಾಲಾಗಿ ಚುಕ್ಕೆ ಇಟ್ಟು ಬರೆದೆವು. ಇಲ್ಲಿ ಬರೆಯುವುದಿಲ್ಲ, ಕೆಲವರು ಈಗಲೂ ಊರಿನಲ್ಲಿದ್ದಾರೆ.

ಚಿತ್ರದಲ್ಲಿ ಕೊನೆಗೆ ಉಳಿದದ್ದು ಎತ್ತರ ತಗ್ಗು. ಕಾಲೇಜಿನ ಟೋಟಲ್ ಸ್ಟೇಶನ್ ಮನೆಗೆ ಕೊಡುವುದಿಲ್ಲ, ಫೋನಿನ ಜಿಪಿಎಸ್ ಎತ್ತರದ ವಿಷಯದಲ್ಲಿ ನಂಬಲಿಕ್ಕೆ ಬರುವುದಿಲ್ಲ. ಮೇಸ್ತ್ರಿಗಳು ಹಿಡಿಯುವ ನೀರಿನ ಟ್ಯೂಬ್ ತಂದೆವು. ಪಾರದರ್ಶಕ ಪೈಪು, ಒಳಗೆ ನೀರು, ಎರಡೂ ತುದಿಯ ನೀರು ಒಂದೇ ಮಟ್ಟ, ಅಷ್ಟೇ. ಎರಡು ಭಾನುವಾರ ಹಿಡಿಯಿತು. ಬಾಕಿಮಾರು ರಸ್ತೆಯಿಂದ ಹೆಚ್ಚುಕಡಿಮೆ ಒಂದು ಮೀಟರ್ ತಗ್ಗು. ‘ಅದಕ್ಕೆ ಪೈಪು ಬೇಕಾ? ಮೊದಲ ಮಳೆಗೆ ಕಪ್ಪೆ ಎಲ್ಲಿ ಕೂಗ್ತದೆ ಕೇಳಿದ್ರೆ ಆಯ್ತು’ ಅಂದರು ಅಜ್ಜಿ. ಬೈಲು, ಮಜಲು, ಬೆಟ್ಟು ಅಂತ ಗದ್ದೆಗೆ ಮೂರು ದರ್ಜೆ ಇರುವುದೇ ನೀರಿನ ಲೆಕ್ಕದಲ್ಲಿ; ಬಾಕಿಮಾರು ಬೈಲು, ಒಂದು ಕಾಲದಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ತೆಗೆದದ್ದು.

ಸಿವಿಲ್‌ನವಳು ಲೆಕ್ಕ ಹಾಕಿದಳು. ಬಾಕಿಮಾರು 48 ಸೆಂಟ್ಸ್, ಅಂದರೆ 1,940 ಚದರ ಮೀಟರಿನಷ್ಟು. ರಸ್ತೆ ಮಟ್ಟಕ್ಕೆ ತರಲಿಕ್ಕೆ ಒಂದು ಮೀಟರ್ ತುಂಬಿಸಿದರೆ 1,940 ಘನ ಮೀಟರ್ ಮಣ್ಣು. ಟಿಪ್ಪರಿಗೆ ಆರು ಘನ ಮೀಟರ್ ಹಿಡಿದರೆ 320 ಲೋಡು ದಾಟುತ್ತದೆ. ಆ ಕೆಂಪು ಮಣ್ಣು ಸಮುದ್ರದ ಬದಿಯಲ್ಲಿ ಸಿಗುವುದಿಲ್ಲ, ಮೂಡು ಬದಿಯ ಯಾವುದೋ ಊರಿನ ಗುಡ್ಡ ಕಡಿದು ತರಬೇಕು. ಗದ್ದೆಗೆ ಬಂದು ನಿಲ್ಲುತ್ತಿದ್ದ ಮಳೆ ನೀರು ಆಮೇಲೆ ತೋಡಬರಿಯ ಆಚೆ ಇರುವ ನಾಲ್ಕು ಮನೆಗಳ ಅಂಗಳಕ್ಕೆ ಹೋಗುತ್ತದೆ. ಇದನ್ನು ಚಿತ್ರದಲ್ಲಿ ಉಮಿಕರಿಯಲ್ಲಿ ಬಾಣದ ಗುರುತು ಹಾಕಿ ತೋರಿಸಿದೆವು.

ನಡುವೆ ದೀಪಾವಳಿ ಬಂತು. ನಮ್ಮಲ್ಲಿ ಪಾಡ್ಯದ ಸಂಜೆ ಗದ್ದೆಗೆ ಹೋಗಿ ತುಡರ್ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುವುದು. ಹಡಿಲು ಗದ್ದೆಯಲ್ಲಿ ಸೊಂಟದವರೆಗೆ ಹುಲ್ಲು, ಹಾವಿನ ಹೆದರಿಕೆ ಬೇರೆ. ಮಾವ ಬೆಳಗ್ಗೆ ಎದ್ದು ಯಾರಿಗೂ ಹೇಳದೆ ಬಾಕಿಮಾರಿನ ಮೂಲೆಯಲ್ಲಿ ಕತ್ತಿ ಹಿಡಿದು ಒಂದು ಚಾಪೆಯಷ್ಟು ಜಾಗ ಸವರಿದ್ದರು. ಸಂಜೆ ಕೂಗಿದ್ದೂ ಅವರೇ, ಆ ಸ್ವರ ನಮಗೆ ಬರುವುದಿಲ್ಲ. ವಾಪಸು ಬರುವಾಗ ಅಜ್ಜಿ ಕೇಳಿದರು: ‘ಬರುವ ವರ್ಷ ಬಲೀಂದ್ರನಿಗೆ ದೀಪ ಎಲ್ಲಿ ಇಡುವುದು ಮಗಾ? ಅವರ ಕಂಪೌಂಡಿನ ಹೊರಗಾ?’ ಮಾವ ಏನೂ ಹೇಳಲಿಲ್ಲ.

ಪ್ರದರ್ಶನದ ದಿನ ಮುಂಡಿನ ನಕ್ಷೆಯನ್ನು ಸೆಮಿನಾರ್ ಹಾಲಿನ ಗೋಡೆಗೆ ಕಟ್ಟಿದೆವು. ತುಂಬಾ ಜನ ಬಂದು ನೋಡಿದಿರಿ, ಥ್ಯಾಂಕ್ಸ್. ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ‘ಸೆಂಟ್ಸಿಗೆ ಎಷ್ಟು ನಡೀತಾ ಉಂಟು ಅಲ್ಲಿ?’ ಎರಡನೆಯದು ‘ಕನ್ವರ್ಷನ್ ಆಗಿದೆಯಾ?’ ಒಬ್ಬಳು ಮಾತ್ರ, ಮಂಡ್ಯ ಕಡೆಯವಳು, ಹನ್ನೊಂದು ಹೆಸರುಗಳ ಮುಂದೆ ತುಂಬಾ ಹೊತ್ತು ನಿಂತಳು. ಆಮೇಲೆ ತನ್ನ ಮನೆಗೆ ಫೋನ್ ಮಾಡಿ ಅವರ ಗದ್ದೆಗಳಿಗೆ ಹೆಸರು ಉಂಟಾ ಅಂತ ಕೇಳಿದಳು. ಉಂಟಂತೆ.

ಮಾವನೂ ಬಂದಿದ್ದರು. ಚಿತ್ರವನ್ನು ನೋಡಿ ‘ಉಪ್ಪುಕಂಡದ ಪುಣಿ ಇನ್ನೂ ಸ್ವಲ್ಪ ವಾಲಬೇಕು’ ಅಂದು ಬಿಟ್ಟರೆ ಬೇರೆ ಮಾತಿಲ್ಲ. ಬಾಣದ ಗುರುತುಗಳ ಫೋಟೋ ತೆಗೆದುಕೊಂಡು ಹೋದರು. ಎರಡು ವಾರದ ನಂತರ ಗೊತ್ತಾಯಿತು, ಅದನ್ನು ಪಾರ್ಟಿಗೆ ಕಳಿಸಿದ್ದಾರೆ. 320 ಲೋಡಿನ ಲೆಕ್ಕ ನೋಡಿ ಅವರೇ ಬಾಕಿಮಾರಿನ ರೇಟಿಗೆ ಚೌಕಾಶಿ ಮಾಡಲಿಕ್ಕೆ ಹೊರಟರಂತೆ. ಮಾವ, ಆ ರೇಟಿಗೆ ಅದನ್ನು ಕೊಡುವುದಿಲ್ಲ, ಉಳಿದ ನಾಲ್ಕು ಬೇಕಾದರೆ ತೆಗೆದುಕೊಳ್ಳಿ ಅಂದರಂತೆ. ಇದರಲ್ಲಿ ರೇಟು ಎಷ್ಟು, ಬಲೀಂದ್ರ ಎಷ್ಟು ಅಂತ ಕೇಳಿದರೆ ಮಾವ ನಗುತ್ತಾರೆ.

ನಾಲ್ಕು ಗದ್ದೆಗೆ ಫೆಬ್ರವರಿಯಲ್ಲಿ ಸಹಿ. ನಾವಿಬ್ಬರು ಹಾಕುತ್ತೇವೆ ಅಂತ ಹೇಳಿ ಆಗಿದೆ. ಸುಲಭದಲ್ಲಿ ಹೇಳಿದ್ದಲ್ಲ, ಪಿಯುಸಿಯವನು ಮೂರು ದಿನ ನಮ್ಮ ಹತ್ತಿರ ಮಾತು ಬಿಟ್ಟಿದ್ದ. ಆದರೆ ಮಾವನ ಬ್ಯಾಂಕ್ ಸಾಲ, ಅಜ್ಜಿಯ ಕಣ್ಣಿನ ಆಪರೇಶನ್, ನಮ್ಮದೇ ಕಾಲೇಜು ಫೀಸು, ಎಲ್ಲದರ ಹಿಂದೆ ಆ ನಾಲ್ಕು ಗದ್ದೆ ಉಂಟು. ತೋಡಬರಿ ಹೋಗುತ್ತದೆ, ತಾರೆದಡಿ ಹೋಗುತ್ತದೆ. ಮೂಜಿಮೂಲೆಯಲ್ಲಿ ಕಾಂಪೌಂಡಿನ ಕಲ್ಲು ಈಗಾಗಲೇ ಬಂದು ಬಿದ್ದಿದೆ. ನಕ್ಷೆ ಅಜ್ಜಿಯ ಕೋಣೆಯಲ್ಲಿದೆ, ಗೋಡೆಯ ಮೇಲಲ್ಲ, ಮಂಚದ ಮೇಲೆ ಹಾಸಿದ್ದಾರೆ, ಮೂಡು ಮೂಡಿಗೆ ಸರಿಯಾಗಿ. ಸುಣ್ಣ ಉದುರುತ್ತಾ ಉಂಟು.

ಉಳಿದ ಬಾಕಿಮಾರಿಗೆ ಮಾವನ ಕಂಡೀಶನ್ ಒಂದೇ: ಹಡಿಲು ಬಿಡುವುದಾದರೆ ಅದನ್ನೂ ಮಾರುವುದು. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟಿನವರು ಹಡಿಲು ಗದ್ದೆಗಳನ್ನು ಉಳಿಸಿ ‘ಉಡುಪಿ ಕೇದಾರ ಕಜೆ’ ಅಂತ ಅಕ್ಕಿ ಮಾರಿದ್ದರಲ್ಲ, ಆಗಿನ ಕಾಲೇಜು ಮಕ್ಕಳು ತುಂಬಾ ಜನ ನಾಟಿಗೆ ಇಳಿದಿದ್ದರು. ಸೆಲ್ಫಿ ತೆಗೆದದ್ದೇ ಜಾಸ್ತಿ ಅಂತ ಮಾವ ಹೇಳುತ್ತಾರೆ. ಬೀಜ ಎಂಒ 4, ಅದನ್ನು ಅವರು ತರುತ್ತಾರೆ. ಟಿಲ್ಲರ್ ಬಾಡಿಗೆಗೆ ಸಿಗುತ್ತದೆ. ನೇಜಿ ಕಿತ್ತು ನಡಲಿಕ್ಕೆ ಜನ ಬೇಕು, 48 ಸೆಂಟ್ಸಿಗೆ ಕಲಿಯದ ಕೈಗಳಾದರೆ ಇಪ್ಪತ್ತಾದರೂ ಬೇಕು ಅಂತ ಅಜ್ಜಿಯ ಲೆಕ್ಕ. ಜೂನ್ ಕೊನೆಗೋ ಜುಲೈ ಮೊದಲ ವಾರಕ್ಕೋ ಆಗಬಹುದು, ಮಳೆ ನೋಡಿ. ಸೆಮ್ ಎಕ್ಸಾಮ್ ಟೈಮ್‌ಟೇಬಲ್ ಬರಲಿ, ನಡುವೆ ಗ್ಯಾಪ್ ಇರುವ ದಿನ ಹಿಡಿಯುವ. ಬರುವವರು ಸಂಘದ ಗ್ರೂಪಿನಲ್ಲಿ ಹೆಸರು ಹಾಕಿ. ಹೈವೇಯಲ್ಲಿ ಟೋಲ್ ಹತ್ತಿರ ಇಳಿದು ಫೋನ್ ಮಾಡಿದರೆ ಪಿಯುಸಿಯವನು ಬಂದು ಕರೆದುಕೊಂಡು ಹೋಗುತ್ತಾನೆ. ಊಟ ಅಜ್ಜಿಯದ್ದು, ಮೀನು ಉಂಟು, ತಿನ್ನದವರು ಮೊದಲೇ ಹೇಳಿ.